ಬಾಗಿಲು ತೆರೆದರೂ ನಿಲ್ಲುವ ಪುಟ್ಟ ನಾಯಿ

ಐದು ಕಿಲೋ ತೂಗುವ ನಾಯಿ ಮುಂಬಾಗಿಲಿನಿಂದ ಹೊರಗೆ ಓಡದಂತೆ ತಡೆಯಲು ಮನೆಯವರಿಗೆ ತೋಚುವುದು ಸಾಮಾನ್ಯವಾಗಿ ಮೂರು ಉಪಾಯ: ಕಾಲು ಅಡ್ಡ ಇಡುವುದು, ಹೆಸರು ಹಿಡಿದು ಕೂಗುವುದು, ಬಾಗಿಲನ್ನು ಒಂದಡಿ ಮಾತ್ರ ತೆರೆದು ಪಕ್ಕಕ್ಕೆ ತಿರುಗಿ ನುಸುಳುವುದು. ಅಡ್ಡ ಇಟ್ಟ ಕಾಲಿನ ಪಕ್ಕದಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದನ್ನು ನಾಯಿ ಬಹುಬೇಗ ಕಲಿಯುತ್ತದೆ. ಕೂಗಾಟ ಕೇಳಿ ಅದರ ಹುರುಪು ಇನ್ನೂ ಏರುತ್ತದೆ. ಸಂದಿಯಲ್ಲಿ ನುಸುಳುವ ಮನುಷ್ಯರನ್ನು ದಿನಾ ನೋಡಿ ನೋಡಿ, ಬಾಗಿಲೆಂದರೆ ಅವಸರದಲ್ಲಿ ದಾಟಬೇಕಾದ ಜಾಗ ಎಂದು ಅದೂ ತಿಳಿದುಕೊಳ್ಳುತ್ತದೆ. ಬಲ್ಲ ತರಬೇತುದಾರರು ಈ ಮೂರನ್ನೂ ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ. ಬಾಗಿಲು ತೆರೆದರೆ ಏನರ್ಥ ಎಂಬ ನಾಯಿಯ ತಿಳಿವಳಿಕೆಯನ್ನೇ ಅವರು ಬದಲಿಸುತ್ತಾರೆ. ಆ ಕೆಲಸವನ್ನು ಹತ್ತಿರದಿಂದ ನೋಡಿದಷ್ಟೂ ನನಗೆ ಅದರ ಮೇಲೆ ಗೌರವ ಹೆಚ್ಚಿದೆ.

ಪುಟ್ಟ ನಾಯಿಯ ವಿಷಯದಲ್ಲಿ ಅಪಾಯ ಹೆಚ್ಚು. ಲ್ಯಾಬ್ರಡಾರ್ ಓಡಿದರೆ ಗೇಟು ತಡೆಯುತ್ತದೆ. ಪೊಮೆರೇನಿಯನ್ ಅದೇ ಗೇಟಿನ ಸರಳುಗಳ ನಡುವೆ ತೂರಿ ಹೋಗುತ್ತದೆ. ಬೆಂಗಳೂರು, ಮೈಸೂರಿನ ಎಷ್ಟೋ ಬಡಾವಣೆಗಳಲ್ಲಿ ಗೇಟು ದಾಟಿದರೆ ಸೀದಾ ರಸ್ತೆ. ರಿವರ್ಸ್ ತೆಗೆಯುವ ಕಾರಿನವರ ಕಣ್ಣಿಗೆ ಒಂದಡಿ ಎತ್ತರದ ಪ್ರಾಣಿ ಬೀಳುವುದು ಕಷ್ಟ, ಬೀದಿನಾಯಿಗಳ ಪಾಲಿಗೆ ಅದು ತಮ್ಮ ಜಾಗಕ್ಕೆ ನುಗ್ಗಿದ ಅಪರಿಚಿತ. ತಳಿಯ ಹಿನ್ನೆಲೆಯೂ ಇರುತ್ತದೆ. ಜ್ಯಾಕ್ ರಸೆಲ್ ಟೆರಿಯರ್ ಅನ್ನು 19ನೇ ಶತಮಾನದಲ್ಲಿ ಇಂಗ್ಲೆಂಡಿನ ಡೆವನ್ ಸೀಮೆಯ ಪಾದ್ರಿ ಜಾನ್ ರಸೆಲ್, ನರಿಯನ್ನು ಬಿಲದಿಂದ ಹೊರಡಿಸುವುದಕ್ಕೆಂದು ಬೆಳೆಸಿದರು. ಬೀಗಲ್ ಮೊಲದ ವಾಸನೆ ಹಿಡಿದು ಓಡಲೆಂದೇ ಬೆಳೆದ ತಳಿ. ಲಾಸಾ ಆಪ್ಸೋ ಟಿಬೆಟಿನ ಮನೆ, ಮಠಗಳ ಒಳಗೆ ಕೂತು ಕಾವಲು ಕಾದದ್ದು. ಹಾಗಾಗಿ ಒಳ್ಳೆಯ ತರಬೇತುದಾರರು ಮೊದಲು ಕೇಳುವುದು, ಹೊರಗೆ ಹೋದ ಮೇಲೆ ಇದು ಏನು ಮಾಡುತ್ತದೆ ಎಂದು. ನೆಲ ಮೂಸುತ್ತಾ ಹೋಗುತ್ತದೆಯೋ, ಲಿಫ್ಟಿನವರೆಗೆ ಓಡಿ ಬೊಗಳಿ ಬರುತ್ತದೆಯೋ, ನೀವು ಅಟ್ಟಿಸಿಕೊಂಡು ಬರಲಿ ಎಂದು ತಿರುಗಿ ನೋಡುತ್ತದೆಯೋ? ಅದಕ್ಕೆ ಬೇಕಾದದ್ದು ಏನೆಂದು ಗೊತ್ತಾದರೆ ಮುಂದೆ ಅದನ್ನೇ ಬಹುಮಾನವಾಗಿ ಕೊಡಬಹುದು.

ಪಾಠ ಶುರುವಾಗುವುದು ಬಾಗಿಲಿನ ಹತ್ತಿರ ಅಲ್ಲ, ಚಪ್ಪಲಿ ಸ್ಟ್ಯಾಂಡಿನ ಹತ್ತಿರ. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಇವಾನ್ ಪಾವ್ಲೊವ್, ಊಟದ ಸೂಚನೆ ಸಿಕ್ಕರೇ ಸಾಕು, ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ತೋರಿಸಿದರು. ಮನೆಯಲ್ಲೂ ಅದೇ ನಡೆಯುತ್ತದೆ. ಚಪ್ಪಲಿ ತೆಗೆದ ಸದ್ದು, ಗಾಡಿ ಕೀಗೊಂಚಲಿನ ಕಿಣಿಕಿಣಿ, ಚಿಲಕಕ್ಕೆ ಹೋದ ಕೈ. ಬಾಗಿಲು ಅಲುಗುವಷ್ಟರಲ್ಲಿ ನಾಯಿಯ ಮನಸ್ಸು ಬೀದಿ ತಲುಪಿರುತ್ತದೆ. ಅದಕ್ಕೇ ಮೊದಲ ಕೆಲವು ದಿನ ಕೀ ಎತ್ತಿಕೊಂಡು ಸೋಫಾದಲ್ಲಿ ಕೂತು ಪೇಪರ್ ಓದಬೇಕು. ಚಪ್ಪಲಿ ಮೆಟ್ಟಿ ಬಾಗಿಲತ್ತ ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದು ಕಳಚಿಡಬೇಕು. ಚಿಲಕ ಮುಟ್ಟಿ ಕೈ ತೆಗೆಯಬೇಕು. ಈ ಸದ್ದುಗಳ ಹಿಂದೆ ಏನೂ ನಡೆಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಾಯಿ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತದೆ. ಸಂಗೀತದ ಮೇಷ್ಟ್ರು ಕೃತಿಗೆ ಕೈ ಹಾಕುವ ಮೊದಲು ತಿಂಗಳುಗಟ್ಟಲೆ ಸರಳೆ ವರಸೆ ಹಾಡಿಸುವ ತಾಳ್ಮೆಯೇ ಇಲ್ಲೂ ಬೇಕು.

ಆಮೇಲೆ ಬಾಗಿಲಿನ ಕೆಲಸ. ಒಳಮುಖವಾಗಿ ತೆರೆಯುವ ಬಾಗಿಲಾದರೆ ಅನುಕೂಲ. ನಾಯಿಗೆ ಹಾರ್ನೆಸ್ ಹಾಕಿ, ಲೀಶನ್ನು ಸಡಿಲವಾಗಿ ಹಿಡಿದು, ಬಾಗಿಲನ್ನು ಎರಡು ಬೆರಳಷ್ಟು ತೆರೆಯುತ್ತಾರೆ. ನಾಯಿ ಮುಂದೆ ಬಂತೋ, ಬಾಗಿಲು ಮೆಲ್ಲನೆ ಮುಚ್ಚುತ್ತದೆ. ಮೂಗು ಸಿಕ್ಕಿಕೊಳ್ಳದಷ್ಟು ಮೊದಲೇ, ಯಾವ ಸಿಟ್ಟೂ ಇಲ್ಲದೆ. ನಾಯಿ ನಿಂತಿತೋ, ಬಾಗಿಲು ಇನ್ನೆರಡು ಬೆರಳು ತೆರೆಯುತ್ತದೆ. ಬಾಯಿಂದ ಒಂದು ಮಾತೂ ಇಲ್ಲ. ಈ ಕಸುಬಿನಲ್ಲಿ ನನಗೆ ಅತ್ಯಂತ ಚೆಂದ ಕಾಣುವುದು ಈ ಮೌನವೇ. ಇಷ್ಟು ದಿನ 'ನೋ', 'ಬೇಡ', 'ನಿಲ್ಲು' ಎಂಬ ಮಾತುಗಳ ಮಳೆಯಲ್ಲಿದ್ದ ನಾಯಿ ಈಗ ತಾನೇ ಲೆಕ್ಕ ಹಾಕಲು ತೊಡಗುತ್ತದೆ. ನುಗ್ಗಿದರೆ ಮುಚ್ಚುತ್ತದೆ, ತಡೆದು ನಿಂತರೆ ತೆರೆಯುತ್ತದೆ. ಅದರ ಕಿವಿ, ಹಣೆ, ಹಿಂಗಾಲಿಗೆ ಜಾರುವ ಮೈಭಾರ ನೋಡುತ್ತಿದ್ದರೆ ಆ ಲೆಕ್ಕ ನಡೆಯುತ್ತಿರುವುದು ಕಣ್ಣಿಗೇ ಕಾಣುತ್ತದೆ.

ತಿಂಡಿ ಯಾವಾಗ ಕೊಡಬೇಕು ಎನ್ನುವುದಕ್ಕಿಂತ ಎಲ್ಲಿ ಕೊಡಬೇಕು ಎಂಬುದರಲ್ಲಿ ಹೆಚ್ಚು ಜಾಣ್ಮೆಯಿದೆ. ಹೊಸಬರು ನಾಯಿ ನಿಂತ ಕೂಡಲೇ ಬಾಗಿಲ ಪಕ್ಕದಿಂದಲೇ ಕೈ ಚಾಚುತ್ತಾರೆ. ಆಗ ನಾಯಿ ತಿಂಡಿಗಾಗಿ ಬಾಗಿಲತ್ತ ಒಂದು ಹೆಜ್ಜೆ ಇಡುತ್ತದೆ, ಅಂದರೆ ತಪ್ಪು ದಿಕ್ಕಿಗೇ ಸಂಬಳ ಸಿಕ್ಕಿತು. ಪಳಗಿದವರು ಬೇಯಿಸಿದ ಕೋಳಿಯ ಚೂರನ್ನೋ ಪನೀರನ್ನೋ ನಾಯಿಯ ಹಿಂದೆ, ಮನೆಯ ಒಳಗಡೆಗೆ ಬೀಳಿಸುತ್ತಾರೆ. ನಾಯಿ ತಾನಾಗಿ ತಿರುಗಿ ಒಳಗೆ ಹೋಗುತ್ತದೆ. ಹೀಗೆ ನಡೆದಷ್ಟೂ ಬಾಗಿಲು ತೆರೆದಾಗ ಒಳಮುಖ ತಿರುಗುವುದು ಅದರ ಮೈಗೆ ರೂಢಿಯಾಗುತ್ತದೆ. ಚೂರು ಕಡಲೆಬೇಳೆಯ ಗಾತ್ರ ಮೀರಬಾರದು. ಐದು ಕಿಲೋ ದೇಹಕ್ಕೆ ಸ್ವಲ್ಪ ಹೆಚ್ಚಾದರೂ ಕೊಬ್ಬು ಸೇರುತ್ತದೆ, ಊಟದಲ್ಲಿ ಅಷ್ಟನ್ನು ಕಡಿಮೆ ಮಾಡಬೇಕು. ಮೇಲಿನಿಂದ ಬಗ್ಗಿ ಕೊಡುವುದೂ ಸಲ್ಲ. ಅಷ್ಟು ಚಿಕ್ಕ ಪ್ರಾಣಿಗೆ ಮೇಲೆ ಬಾಗಿದ ಮನುಷ್ಯ ಹೆದರಿಕೆ ಹುಟ್ಟಿಸುತ್ತಾನೆ. ಕುಕ್ಕರಗಾಲಲ್ಲಿ ಕೂತರೆ ವಾಸಿ.

ಸರಿಯಾದ ಕ್ಷಣ ಯಾವುದೆಂದು ನಾಯಿಗೆ ತಿಳಿಸುವ ಚಿಕ್ಕ ಸದ್ದಿನ ಉಪಾಯ ಹೆಚ್ಚು ಜನರಿಗೆ ತಲುಪಿದ್ದು ಅಮೆರಿಕದ ಕ್ಯಾರೆನ್ ಪ್ರಯರ್ ಅವರಿಂದ. 1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ ಅವರು ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದರು. ಈಜಿ ದೂರ ಹೋಗುವ ಪ್ರಾಣಿಗೆ ಹಗ್ಗ ಹಾಕಿ ಎಳೆಯುವಂತಿಲ್ಲ, ಹೊಡೆಯುವಂತಿಲ್ಲ. ಸೀಟಿ ಊದಿ 'ಇದೇ ಬೇಕಾಗಿದ್ದದ್ದು' ಎಂದು ತಿಳಿಸಿ ಮೀನು ಕೊಡುವುದೊಂದೇ ದಾರಿ. ಅದರಿಂದ ಹೊಮ್ಮಿದ ತಿಳಿವು 1984ರ ಅವರ 'ಡೋಂಟ್ ಶೂಟ್ ದ ಡಾಗ್' ಪುಸ್ತಕದ ಮೂಲಕ ನಾಯಿ ಸಾಕುವವರಿಗೆ ತಲುಪಿತು. ನಮ್ಮ ಬಾಗಿಲಿನಲ್ಲಿ ಸೀಟಿ ಬೇಕಿಲ್ಲ, ಚಿಕ್ಕದಾಗಿ 'ಯೆಸ್' ಅಂದರೂ ಸಾಕು, ಆದರೆ ಅದು ನಾಯಿಯ ಮೈ ನಿಂತ ಕ್ಷಣಕ್ಕೇ ಬರಬೇಕು. ಒಂದು ಗಳಿಗೆ ತಡವಾದರೆ ನಾಯಿ ಮತ್ತೆ ಮುಂದೆ ಹೊರಟಿರುತ್ತದೆ, ಹೊಗಳಿಕೆ ಹೊರಟದ್ದಕ್ಕೆ ಸಲ್ಲುತ್ತದೆ.

ಎಷ್ಟು ಕೋಳಿ ಕೊಟ್ಟರೂ ಬೀದಿಯ ವಾಸನೆಗೆ ಸಮವಾಗುವುದಿಲ್ಲ ಎಂದು ಬೀಗಲ್ ಸಾಕಿದವರಿಗೆ ಗೊತ್ತು. ಇದಕ್ಕೆ ಪರಿಹಾರ ಡೇವಿಡ್ ಪ್ರೆಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರ 1959ರ ಪ್ರಯೋಗದಲ್ಲಿದೆ. ಮಕ್ಕಳ ಮುಂದೆ ಮಿಠಾಯಿ ಮತ್ತು ಪಿನ್‌ಬಾಲ್ ಆಟದ ಯಂತ್ರ ಎರಡನ್ನೂ ಇಟ್ಟರು. ಆಟ ಹೆಚ್ಚು ಇಷ್ಟಪಟ್ಟ ಮಕ್ಕಳು ಆಡುವ ಅವಕಾಶಕ್ಕಾಗಿ ಮಿಠಾಯಿ ಹೆಚ್ಚು ತಿಂದರು. ಮಿಠಾಯಿ ಇಷ್ಟಪಟ್ಟವರು ಮಿಠಾಯಿಗಾಗಿ ಹೆಚ್ಚು ಆಡಿದರು. ಹೆಚ್ಚು ಇಷ್ಟದ ಕೆಲಸ ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಬಲ್ಲದು ಎಂದಾಯಿತು. ನಾಯಿಗೆ ಹೊರಗೆ ಹೋಗುವ ಆಸೆ ಎಷ್ಟು ಬಲವಾಗಿದೆಯೋ, ನಿಲ್ಲುವುದಕ್ಕೆ ಅಷ್ಟೇ ದೊಡ್ಡ ಬಹುಮಾನ ನಮ್ಮ ಕೈಯಲ್ಲಿದೆ. ಬೆಳಗಿನ ವಾಕಿಂಗಿಗೆ ಹೊರಟಾಗ ನಾಯಿ ತೆರೆದ ಬಾಗಿಲ ಮುಂದೆ ನಿಂತು ನಿಮ್ಮ ಮುಖ ನೋಡಿದರೆ, ಅದಕ್ಕೆ ಪ್ರತಿಫಲ ವಾಕಿಂಗೇ. ದಿನಕ್ಕೆ ಎರಡು ಸಲ, ಖರ್ಚಿಲ್ಲದೆ, ತಾನಾಗಿ ಪಾಠ ನಡೆಯುತ್ತದೆ.

ಹೊರಡಲು ಅಪ್ಪಣೆ ಕೊಡುವ ಪದವನ್ನು ಯೋಚಿಸಿ ಆರಿಸಬೇಕು. 'ಸರಿ' ಬೇಡ, ಫೋನಿನಲ್ಲಿ ದಿನಕ್ಕೆ ನೂರು ಸಲ 'ಸರಿ ಸರಿ' ಅನ್ನುತ್ತೇವೆ. 'ಬಾ' ಅಂತೂ ಬೇಡವೇ ಬೇಡ, ಅದನ್ನು ಕರೆಯುವುದಕ್ಕೆ ಉಳಿಸಿಕೊಳ್ಳಬೇಕು. 'ಹೊರಡು' ಅಡ್ಡಿಯಿಲ್ಲ. ಆ ಪದ ಬೀಳುವವರೆಗೆ ಬಾಗಿಲು ಎಷ್ಟೇ ತೆರೆದಿರಲಿ, ನೀವು ಹೊರಗೆ ಹೋಗಿ ಬರುತ್ತಿರಲಿ, ನಾಯಿ ಒಳಗೇ ಇರಬೇಕು.

ಒಳಗೆ ಎಂದರೆ ಎಲ್ಲಿಯವರೆಗೆ? ಹಳೆಯ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ. ಎತ್ತರದ ಮರದ ಹೊಸ್ತಿಲು ನಾಯಿಯ ಕಾಲಿಗೂ ತಿಳಿಯುತ್ತದೆ, ಅದಕ್ಕೆ ಬಳಿದ ಅರಿಶಿನ ಕಣ್ಣಿಗೂ ಕಾಣುತ್ತದೆ. ನಾಯಿಯ ಕಣ್ಣು ಕೆಂಪು, ಹಸಿರನ್ನು ಬೇರ್ಪಡಿಸಲಾರದು, ಹಳದಿ ಮತ್ತು ನೀಲಿಯನ್ನು ಚೆನ್ನಾಗಿ ಗುರುತಿಸುತ್ತದೆ. ಫ್ಲ್ಯಾಟುಗಳಲ್ಲಿ ಟೈಲ್ಸ್ ಒಳಗೂ ಹೊರಗೂ ಒಂದೇ ಮಟ್ಟ. ಅಲ್ಲಿ ಬಾಗಿಲಿನಿಂದ ಎರಡಡಿ ಒಳಗೆ ಅಗಲವಾದ ಹಳದಿ ಟೇಪು ಅಂಟಿಸಿ ಗೆರೆ ಮಾಡಿಕೊಳ್ಳಬಹುದು.

ಇದರ ಮುಂದಿನದು ಕಾಲಿಂಗ್ ಬೆಲ್. ಬಾಗಿಲಿನಿಂದ ಏಳೆಂಟು ಅಡಿ ದೂರ, ಬಂದವರು ಕಾಣುವ ಜಾಗದಲ್ಲಿ ಒಂದು ಮ್ಯಾಟ್ ಹಾಸಿ, ಅದರ ಮೇಲೆ ಮಲಗಿದರೆ ತಿಂಡಿ ಎಂದು ಮೊದಲು ಕಲಿಸುತ್ತಾರೆ. ಬೆಲ್ಲಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಸಣ್ಣಗೆ ಕೇಳಿಸಿ ಮ್ಯಾಟಿಗೆ ಕಳಿಸುತ್ತಾರೆ, ದಿನ ಕಳೆದಂತೆ ಸದ್ದು ಏರುತ್ತದೆ. ಆಮೇಲೆ ನಿಜವಾದ ಬೆಲ್, ಆಮೇಲೆ ಪರಿಚಯದವರು, ಕೊನೆಗೆ ಅವಸರದಲ್ಲಿರುವ ಡೆಲಿವರಿ ಹುಡುಗ. ಕಾಯುವ ಹೊತ್ತು, ದೂರ, ಗದ್ದಲ ಈ ಮೂರರಲ್ಲಿ ಒಂದನ್ನು ಹೆಚ್ಚಿಸುವ ದಿನ ಉಳಿದೆರಡನ್ನು ಇಳಿಸಬೇಕು. ನಾಯಿ ಮೇಲಿಂದ ಮೇಲೆ ಸೋಲುತ್ತಿದ್ದರೆ ಪಾಠದ ಮೆಟ್ಟಿಲು ಎತ್ತರವಾಯಿತು ಎಂದೇ ತರಬೇತುದಾರರು ತಿಳಿಯುತ್ತಾರೆ. ನಾಯಿಯನ್ನು ಹಟಮಾರಿ ಅನ್ನುವುದಿಲ್ಲ.

ಇಷ್ಟೆಲ್ಲವನ್ನೂ ಕೆಡಿಸುವುದು ಅಪರೂಪದ ಗೆಲುವು. ಎಂದೋ ಒಮ್ಮೆ ಮಾತ್ರ ಫಲ ಕೊಡುವ ಕೆಲಸವನ್ನು ಪ್ರಾಣಿಗಳು ಬಹಳ ಕಾಲ ಬಿಡದೆ ಮಾಡುತ್ತವೆ ಎಂದು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಪ್ರಯೋಗಗಳು ತೋರಿಸಿಕೊಟ್ಟವು. ಅಪ್ಪ, ಮಗಳು ನಿಯಮ ಪಾಲಿಸಿ, ವಾರಕ್ಕೊಮ್ಮೆ ಅಜ್ಜಿ ಹೂವಿನವಳ ಜೊತೆ ಮಾತಾಡುವಾಗ ನಾಯಿ ತಪ್ಪಿಸಿಕೊಂಡರೆ ಓಡುವ ಆಸೆ ಹಾಗೇ ಜೀವ ಹಿಡಿದಿರುತ್ತದೆ. ಅಜ್ಜಿಯನ್ನು ದೂರಿ ಫಲವಿಲ್ಲ. ಕಲಿಕೆ ಗಟ್ಟಿಯಾಗುವವರೆಗೆ ಎರಡನೇ ತಡೆ ಇರಲೇಬೇಕು: ಮುಂಬಾಗಿಲಿಗೆ ಗ್ರಿಲ್, ಗೇಟಿನ ಕೆಳಭಾಗಕ್ಕೆ ಎರಡಡಿ ಎತ್ತರದ ತಂತಿ ಜಾಲರಿ, ನೆಂಟರು ಬಂದಾಗ ನಾಯಿಗೆ ಲೀಶ್ ಇಲ್ಲವೇ ಒಳಗಿನ ಕೋಣೆ. ಜಾಲರಿ ಕಟ್ಟುವುದನ್ನು ಸೋಲು ಎಂದುಕೊಳ್ಳುವ ತರಬೇತುದಾರರನ್ನು ನಾನು ಕಂಡಿಲ್ಲ.

ಹೆದರಿ ಓಡುವ ನಾಯಿಗೆ ಈ ಪಾಠ ನಾಟುವುದಿಲ್ಲ. ದೀಪಾವಳಿಯ ಪಟಾಕಿಗೆ ನಡುಗುವ ಜೀವ ತಿಂಡಿ ನೋಡುವುದಿಲ್ಲ, ಪದ ಕೇಳುವುದಿಲ್ಲ. ಅದಕ್ಕೆ ಕತ್ತಲಾಗುವ ಮುನ್ನವೇ ವಾಕಿಂಗ್ ಮುಗಿಸಿ, ಕಿಟಕಿ ಮುಚ್ಚಿದ ಕೋಣೆ, ಹತ್ತಿರ ಒಬ್ಬರು ಬೇಕು. ತೀರಾ ಹೆದರುವ ನಾಯಿಯಾದರೆ ಹಬ್ಬಕ್ಕೆ ಮುಂಚೆಯೇ ಪಶುವೈದ್ಯರನ್ನು ಕಂಡು ಔಷಧಿ ಕೇಳಬೇಕು.

ಇಷ್ಟಾಗಿಯೂ ನಾಯಿ ಹೊರಗೆ ಹೋದರೆ ಅಟ್ಟಿಸಿಕೊಂಡು ಓಡಬೇಡಿ, ಅದು ಇನ್ನೂ ಜೋರಾಗಿ ಓಡುತ್ತದೆ. ಖುಷಿಯ ದನಿಯಲ್ಲಿ ಕರೆಯುತ್ತಾ ಮನೆಯ ಕಡೆಗೇ ನಾಲ್ಕು ಹೆಜ್ಜೆ ಓಡಿ, ಇಲ್ಲವೇ ಪಕ್ಕಕ್ಕೆ ತಿರುಗಿ ನೆಲದಲ್ಲಿ ಕೂತು ತಿಂಡಿ ಡಬ್ಬಿ ಅಲ್ಲಾಡಿಸಿ. ಕಾರಿನಲ್ಲಿ ಸುತ್ತುವುದು ಇಷ್ಟವಿರುವ ನಾಯಿ ಕಾರಿನ ಬಾಗಿಲು ತೆರೆದರೆ ಎಷ್ಟೋ ಸಲ ತಾನಾಗಿ ಹತ್ತುತ್ತದೆ. ಬೆಲ್ಟಿನ ಮೇಲೆ ಫೋನ್ ನಂಬರು ಬರೆಸಿರಬೇಕು. ಚರ್ಮದಡಿ ಹಾಕಿಸುವ ಮೈಕ್ರೋಚಿಪ್ಪಿನ 15 ಅಂಕಿಯ ಸಂಖ್ಯೆ ನಾಯಿ ಯಾರದೆಂದು ಪತ್ತೆಹಚ್ಚಲು ನೆರವಾಗುತ್ತದೆ, ಎಲ್ಲಿದೆ ಎಂದು ತೋರಿಸುವುದಿಲ್ಲ. ಎಳೆಯುವುದು ಮಾತ್ರ ಹಾರ್ನೆಸ್ಸಿನಿಂದಲೇ ಆಗಲಿ. ಪೊಮೆರೇನಿಯನ್, ಯಾರ್ಕ್‌ಶೈರ್ ಟೆರಿಯರ್‌ಗಳ ಶ್ವಾಸನಾಳ ಮೆದು, ಕತ್ತಿನ ಬೆಲ್ಟ್ ಜಗ್ಗಿದರೆ ಕೆಮ್ಮು ಹಿಡಿಯುತ್ತದೆ. ಅರ್ಧ ಗಂಟೆ ಸತಾಯಿಸಿ ಕೈಗೆ ಸಿಕ್ಕ ನಾಯಿಗೆ ಒಂದೇಟು ಹಾಕಬೇಕು ಅನಿಸುವುದು ಸಹಜ. ಹೊಡೆದರೆ ಅದು ಕಲಿಯುವುದು ಇನ್ನು ಮುಂದೆ ಕೈಗೆ ಸಿಗಬಾರದು ಎಂಬುದನ್ನು. ಒಂದು ಚೂರು ಪನೀರ್ ಕೊಟ್ಟು, ಎತ್ತಿಕೊಂಡು ಒಳಗೆ ಬನ್ನಿ. ನಾಳೆ ಬೆಳಗ್ಗೆ ಕೀಗೊಂಚಲಿನಿಂದಲೇ ಮತ್ತೆ ಶುರು ಮಾಡಿ. ಈ ಸಲ ಮೊದಲಿಗಿಂತ ಬೇಗ ಕಲಿಯುತ್ತದೆ.