ಐಸ್‌ಪ್ಯಾಕ್ ಬೆವರುವ ತನಕ

ಗುರುವಾರ ಬೆಳಗ್ಗೆ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ನೋಟ ಸಿಗುತ್ತದೆ. ಮೇಜಿನ ಮೇಲೆ ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿಗಳ ಸಾಲು, ಒಳಗೆ ಕಲ್ಲಾಗಿ ಹೆಪ್ಪುಗಟ್ಟಿದ ನೀರು. ಸಿಬ್ಬಂದಿ ಒಂದನ್ನೆತ್ತಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ, ಕೆಳಗಿಡುತ್ತಾರೆ. ತುಸು ಹೊತ್ತು ಬಿಟ್ಟು ಮತ್ತೆ ಎತ್ತುತ್ತಾರೆ. ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆಯೇ. ಡಬ್ಬಿಯ ಮೈ ಬೆವರಿ, ಒಳಗೆ ನೀರು ಗುಳುಗುಳು ಅನ್ನುವವರೆಗೆ ಲಸಿಕೆ ಊರಿಗೆ ಹೊರಡುವಂತಿಲ್ಲ.

ಬಾಗಲಕೋಟೆಯ ಬಿಸಿಲು ಕಂಡವರಿಗೆ ಇದು ತಿರುವುಮುರುವಾಗಿ ತೋರಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ನಾಡಿನಲ್ಲಿ ಕೈಗೆ ಸಿಕ್ಕ ಮಂಜುಗಡ್ಡೆಯನ್ನು ಬೇಕೆಂದೇ ಕರಗಿಸುವುದೇ? ಆದರೆ ಲಸಿಕೆ ಬದುಕುವುದು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳಿಗೆ ಒಂದೇ ಸೂಜಿಯಲ್ಲಿ ಕೊಡುವ ಪೆಂಟಾವೇಲೆಂಟ್‌ಗೆ ಸೆಕೆಗಿಂತ ಚಳಿಯದೇ ಹೆಚ್ಚಿನ ಭಯ. ಅದು ಹೆಪ್ಪುಗಟ್ಟಿದರೆ ಅದರಲ್ಲಿರುವ ಅಲ್ಯೂಮಿನಿಯಂ ಲವಣದ ಕಣಗಳು ಗಂಟುಕಟ್ಟುತ್ತವೆ. ಮತ್ತೆ ಕರಗಿಸಿದರೂ ಒಡೆದ ಹಾಲು ಕೂಡದ ಹಾಗೆ ಮೊದಲಿನ ಸತ್ವ ಮರಳುವುದಿಲ್ಲ. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೆಯೇ ಪೆಟ್ಟಿಗೆಗೆ ತುಂಬಿದರೆ ಪಕ್ಕದ ಬಾಟಲಿಗೆ ಆಗುವುದು ಅದೇ. ಬಿಸಿ ತಾಗಿದ್ದನ್ನು ಬಾಟಲಿಯ ಮೇಲಿನ ಗುರುತು ಹೇಳಿಬಿಡುತ್ತದೆ. ಅಲ್ಲಿ ವೃತ್ತದೊಳಗೆ ಒಂದು ಚೌಕ ಇರುತ್ತದೆ. ಚೌಕದ ಬಣ್ಣ ವೃತ್ತದಷ್ಟೇ ಗಾಢವಾದರೆ ಬಾಟಲಿ ಎಸೆಯಬೇಕು. ಚಳಿ ತಾಗಿದ್ದಕ್ಕೆ ಅಂಥ ಚಾಡಿಕೋರ ಗುರುತಿಲ್ಲ. ಅನುಮಾನ ಬಂದರೆ ಬಾಟಲಿ ಕುಲುಕಿ, ತಳಕ್ಕೆ ಗಸಿ ಎಷ್ಟು ಬೇಗ ಕೂರುತ್ತದೆಂದು ನೋಡಬೇಕು. ಹೀಗಾಗಿ ಈ ಕಸುಬು ಬಹುಪಾಲು ಕಿವಿ, ಕಣ್ಣು, ಕೈಯ ಅಂದಾಜಿನದು.

ಲಸಿಕೆ ಬಾಗಲಕೋಟೆಗೆ ಬರುವ ದಾರಿ ಬೆಳಗಾವಿಯದು. ಅಲ್ಲಿನ ಪ್ರಾದೇಶಿಕ ಉಗ್ರಾಣದಿಂದ ಶೀತಲ ವಾಹನದಲ್ಲಿ ಜಿಲ್ಲೆಯ ಉಗ್ರಾಣಕ್ಕೆ, ಅಲ್ಲಿಂದ ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಿಗೆ. 2021ರ ಜನವರಿಯಲ್ಲಿ ಪುಣೆಯಿಂದ ಕೋವಿಡ್ ಲಸಿಕೆ ಬಂದದ್ದೂ ಇದೇ ದಾರಿಯಲ್ಲಿ. ಆಗ ವಾಹನಕ್ಕೆ ಆರತಿ ಎತ್ತಿದ ಫೋಟೊಗಳು ಪತ್ರಿಕೆಗಳಲ್ಲಿ ಬಂದವು. ತಿಂಗಳು ತಿಂಗಳು ಕೂಸುಗಳ ಲಸಿಕೆ ಹೊತ್ತು ಬರುವ ವ್ಯಾನಿಗೆ ಯಾರೂ ಆರತಿ ಎತ್ತುವುದಿಲ್ಲ, ಅದು ಬೇರೆ ಮಾತು.

ಬೆಳಗಾವಿಗೂ ಲಸಿಕೆಗೂ ಹಳೆಯ ನಂಟಿದೆ. ತಿಲಕವಾಡಿಯ ವ್ಯಾಕ್ಸಿನ್ ಡಿಪೋ ಇಂದು ಮೈದಾನದ ಹೆಸರಾಗಿ, ಸಮಾವೇಶಗಳ ಜಾಗವಾಗಿ ಜನರ ಬಾಯಲ್ಲಿದೆ. ಅಲ್ಲಿ ಒಂದು ಕಾಲಕ್ಕೆ ಕರುಗಳ ಮೈಮೇಲೆ ಸಿಡುಬಿನ ಲಸಿಕೆ ಬೆಳೆಯುತ್ತಿದ್ದರು. ಬಾಗಲಕೋಟೆ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯ ಊರು. ಲಸಿಕೆ ಹಾಕುವುದಕ್ಕೆ ಹಳೆಯ ಕನ್ನಡದಲ್ಲಿ ‘ದಾಕು ಹಾಕುವುದು’ ಎಂಬ ಮಾತಿತ್ತು. ಅಜ್ಜ-ಅಜ್ಜಿಯರ ತೋಳಿನ ಮೇಲಿನ ದುಂಡು ಕಲೆ ಅದರದೇ ಗುರುತು. ಮುಂದೆ ಸಿಡುಬು ನಿರ್ಮೂಲನೆಯ ಹೊತ್ತಿಗೆ ದೇಶದಲ್ಲಿ ಒಣಗಿಸಿದ ಲಸಿಕೆಯನ್ನು ಕೆಲವೇ ಕೆಲವು ಕಡೆ ತಯಾರಿಸುತ್ತಿದ್ದರು. ಬೆಳಗಾವಿ ಅವುಗಳಲ್ಲಿ ಒಂದು. ಈ ಒಣ ಪುಡಿ 37 ಡಿಗ್ರಿ ಸೆಕೆಯಲ್ಲೂ ಒಂದು ತಿಂಗಳು ಕೆಡದೆ ಇರುತ್ತಿತ್ತು. ಜಗತ್ತು ಸಿಡುಬನ್ನು ಗೆದ್ದದ್ದಕ್ಕೆ ಇದೂ ಒಂದು ಕಾರಣ. ಭಾರತದ ಕೊನೆಯ ಪ್ರಕರಣ 1975ರದು, ಸಹಜವಾಗಿ ಹರಡಿದ ಸಿಡುಬಿನಲ್ಲಿ ಜಗತ್ತಿನ ಕೊನೆಯದು 1977ರಲ್ಲಿ ಸೊಮಾಲಿಯಾದಲ್ಲಿ. ಆ ಮೇಲಿನ ಲಸಿಕೆಗಳು ಅಷ್ಟು ಗಟ್ಟಿಗರಲ್ಲ, ತಂಪಿಲ್ಲದೆ ಅವಕ್ಕೆ ನಡೆಯದು. 1978ರಲ್ಲಿ ಆರಂಭವಾಗಿ 1985ರಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾದ ನಮ್ಮ ಇಡೀ ವ್ಯವಸ್ಥೆ ಆ ತಂಪಿನ ಮೇಲೆಯೇ ನಿಂತಿದೆ.

ಇಲಾಖೆ ಅದನ್ನು ‘ಶೀತಲ ಸರಪಳಿ’ ಎನ್ನುತ್ತದೆ. ಸರಪಳಿಗೆ ಕೊಂಡಿಗಳಿರುತ್ತವೆ. ಇಳಕಲ್ಲಿನ ನೇಕಾರರಿಗೂ ಆ ಪದ ಗೊತ್ತು. ಸೀರೆಯ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕುಣಿಕೆ ಕುಣಿಕೆಯಾಗಿ ಸೇರಿಸುವ ವಿಧಾನಕ್ಕೆ ಅವರು ಕೊಂಡಿ ಎಂದೇ ಹೇಳುತ್ತಾರೆ. ಇಳಕಲ್ ಸೀರೆಯ ಅಂದ ನಿಂತಿರುವುದು ಆ ಕೂಡುವ ಜಾಗದಲ್ಲಿ. ಲಸಿಕೆ ಸಾಮಾನ್ಯವಾಗಿ ಕೆಡುವುದೂ ಅಂಥ ಜಾಗದಲ್ಲೇ: ವ್ಯಾನಿನಿಂದ ಫ್ರಿಜ್‌ಗೆ, ಫ್ರಿಜ್‌ನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಅಂಗನವಾಡಿಯ ಮೇಜಿಗೆ ಕೈ ಬದಲಾಗುವಾಗ.

ಆರೋಗ್ಯ ಕೇಂದ್ರದ ಫ್ರಿಜ್‌ಗೆ ಐಎಲ್‌ಆರ್ ಎಂದು ಹೆಸರು. ಮನೆಯ ಫ್ರಿಜ್‌ನಂತೆ ಎದುರಿಗಲ್ಲ, ಪೆಟಾರಿಯಂತೆ ಮೇಲಕ್ಕೆ ತೆರೆಯುತ್ತದೆ. ತಂಪು ಗಾಳಿ ಭಾರ, ಮುಚ್ಚಳ ತೆಗೆದರೂ ಒಳಗೇ ಕೂತಿರುತ್ತದೆ. ಗೋಡೆಯ ಸುತ್ತ ಮಂಜುಗಡ್ಡೆಯ ಪದರ ಇರುವುದರಿಂದ ದಿನಕ್ಕೆ 8 ತಾಸು ಕರೆಂಟು ಸಿಕ್ಕರೂ ಸಾಕು. ನಮ್ಮ ಕಡೆ ಕರೆಂಟಿನ ಬಾಳು ಬಲ್ಲವರೇ ಇದನ್ನು ಕಂಡುಹಿಡಿದಿರಬೇಕು ಎನ್ನಿಸುತ್ತದೆ. ಪೋಲಿಯೊ, ದಡಾರದ ಲಸಿಕೆಗಳಿಗೆ ತಳ ಆದೀತು. ಪೆಂಟಾದಂಥವು ಮೇಲಿನ ಬುಟ್ಟಿಯಲ್ಲೇ ಇರಬೇಕು. ಇತ್ತೀಚೆಗೆ ಒಳಗೊಂದು ಸಂವೇದಕ ಕೂತಿದೆ. 2015ರಲ್ಲಿ ದೇಶದಲ್ಲಿ ಆರಂಭವಾದ ಇ-ವಿನ್ ವ್ಯವಸ್ಥೆಯಲ್ಲಿ ಉಷ್ಣತೆ ಅಂಕೆ ಮೀರಿದರೆ ಸಂಬಂಧಪಟ್ಟವರ ಮೊಬೈಲಿಗೆ ಸಂದೇಶ ಹೋಗುತ್ತದೆ.

ಅಲ್ಲಿಂದ ಮುಂದೆ ಮೊಬೈಲಿನ ಕಾವಲಿಲ್ಲ. ನಾಲ್ಕು ಐಸ್‌ಪ್ಯಾಕ್ ನಡುವೆ ಲಸಿಕೆ ಇಟ್ಟ ಪೆಟ್ಟಿಗೆ ಬೈಕಿನ ಮೇಲೋ ಟಂಟಂನಲ್ಲೋ ಹೊರಡುತ್ತದೆ. ಊರಲ್ಲಿ ಲಸಿಕೆ ಹಾಕಲು ಕಾಯುತ್ತಿರುವವರ ಹುದ್ದೆಯ ಹೆಸರು ಸರ್ಕಾರಿ ಕಾಗದದಲ್ಲಿ ಆಗಾಗ ಬದಲಾಗಿದೆ. ಊರಿಗೆ ಅವರು ನರ್ಸಬಾಯಿ. ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋಗಿ ತಾಯಿ ಕಾರ್ಡ್ ಸಮೇತ ಕರೆತಂದ ಕೂಸುಗಳು ಸಾಲಿನಲ್ಲಿ ಅಳುತ್ತಿರುತ್ತವೆ. “ಜ್ವರಾ ಬರತಾವೇನ್ರಿ ಅಕ್ಕಾರ?” ಎಂಬ ಪ್ರಶ್ನೆಯಂತೂ ತಪ್ಪದು. ದಡಾರ-ರುಬೆಲ್ಲಾ ಮತ್ತು ಬಿಸಿಜಿ ಲಸಿಕೆಗಳು ಪುಡಿಯ ರೂಪದಲ್ಲಿ ಬರುತ್ತವೆ. ದ್ರಾವಣ ಬೆರೆಸಿದ ಹೊತ್ತನ್ನು ಬಾಟಲಿಯ ಮೇಲೆ ಬರೆದು 4 ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ನಾಲ್ಕು ಕೂಸುಗಳಿಗೆಂದು ಹತ್ತು ಡೋಸಿನ ಬಿಸಿಜಿ ಬಾಟಲಿ ಒಡೆದು ಆರನ್ನು ಚೆಲ್ಲುವುದು ನೋಡುವವರ ಕಣ್ಣಿಗೆ ದಂಡ. ಆದರೆ 2022ರ ಜನವರಿಯಲ್ಲಿ ನೆರೆಯ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಲಸಿಕೆ ಪಡೆದ ಮೂರು ಹಸುಗೂಸುಗಳು ತೀರಿಕೊಂಡವು. ಲಸಿಕೆಯನ್ನು ಹೋಟೆಲಿನ ಫ್ರಿಜ್‌ನಲ್ಲಿ ಇಟ್ಟಿದ್ದರೆಂದು ಆಗಿನ ಪ್ರಾಥಮಿಕ ವರದಿಗಳು ಹೇಳಿದವು. ಬಾದಾಮಿಯ ಗಡಿಗೆ ಹತ್ತಿದ ತಾಲ್ಲೂಕು ಅದು. ಉಳಿದದ್ದನ್ನು ಎಸೆಯಬೇಕೆಂಬ ನಿಯಮ ಪುಸ್ತಕದ ಆ ಒಂದು ಸಾಲನ್ನು ಆಮೇಲೆ ಯಾರೂ ಸರ್ಕಾರಿ ಕಿರಿಕಿರಿ ಎನ್ನಲಾರರು.

ಅಭಿಯಾನಗಳು ಬಂದಾಗ ಈ ಎಲ್ಲವೂ ಹತ್ತು ಪಟ್ಟಾಗುತ್ತದೆ. 2017ರ ಫೆಬ್ರುವರಿಯಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೂ ದಡಾರ-ರುಬೆಲ್ಲಾ. 2022ರ ಡಿಸೆಂಬರಿನಲ್ಲಿ ಜಪಾನೀಸ್ ಮಿದುಳುಜ್ವರದ ಲಸಿಕೆಗೆ ಆರಿಸಿದ ರಾಜ್ಯದ 10 ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. 1995ರಲ್ಲಿ ಮೊದಲಾದ ಪಲ್ಸ್ ಪೋಲಿಯೊ ಎಲ್ಲಕ್ಕೂ ಹಿರಿಯಣ್ಣ. ಎರಡು ಹನಿ ಹಾಕಿ ಎಡಗೈ ಕಿರುಬೆರಳಿಗೆ ಮಸಿ ಹಚ್ಚಿದ ಮೇಲೂ ಕೆಲಸ ಮುಗಿಯದು. ಮರುದಿನ ಮನೆ ಮನೆ ತಿರುಗಿ ಗೋಡೆಗೆ ಸೀಮೆಸುಣ್ಣದಲ್ಲಿ ‘ಪಿ’ ಬರೆಯಬೇಕು, ಕೂಸು ತಪ್ಪಿಸಿಕೊಂಡಿದ್ದರೆ ‘ಎಕ್ಸ್’. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡುವ ಬಾದಾಮಿಯಲ್ಲಿ, ಕಟ್ಟಡ ಕೆಲಸಕ್ಕೆ ಗೋವಾ, ಮಂಗಳೂರಿಗೆ ಸಂಸಾರ ಕಟ್ಟಿಕೊಂಡು ಹೋಗುವ ಹಳ್ಳಿಗಳಲ್ಲಿ ಆ ‘ಎಕ್ಸ್’ ಅಳಿಸುವುದು ಸುಲಭವಲ್ಲ. ಅದಕ್ಕೇ ಬಸ್ ನಿಲ್ದಾಣದಲ್ಲೂ ಪೆಟ್ಟಿಗೆ ಹಿಡಿದು ಕೂರುತ್ತಾರೆ. ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿ 13ರಂದು ಹೌರಾದಲ್ಲಿ. 2014ರ ಮಾರ್ಚ್ 27ಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

ಜಗತ್ತಿನ ಲೆಕ್ಕ ಇನ್ನೂ ದೊಡ್ಡದು. ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ 45ರಷ್ಟು ಮಂದಿಗೆ ಲಸಿಕೆ ಕೊಳ್ಳುವುದು ಯುನಿಸೆಫ್. ಅದರ ಖರೀದಿ ಕಚೇರಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿದೆ, ಸರಕಿನ ದೊಡ್ಡ ಪಾಲು ಹೊರಡುವುದು ನಮ್ಮ ಪುಣೆಯಿಂದ. ಆಫ್ರಿಕಾದ ಹಳ್ಳಿಗೆ ಹೋಗುವ ಬಾಟಲಿಗೂ ಇಳಕಲ್ಲಿನ ಅಂಗನವಾಡಿಗೆ ಬರುವ ಬಾಟಲಿಗೂ ಅದೇ ವೃತ್ತ, ಅದೇ ಚೌಕ.

ಸಂಜೆ ಪೆಟ್ಟಿಗೆ ಕೇಂದ್ರಕ್ಕೆ ಮರಳುತ್ತದೆ. ಒಡೆಯದ ಬಾಟಲಿಗಳು ಮತ್ತೆ ಐಎಲ್‌ಆರ್‌ಗೆ, ನೀರಾದ ಐಸ್‌ಪ್ಯಾಕ್‌ಗಳು ಫ್ರೀಜರಿಗೆ. ಫ್ರಿಜ್ ಮೇಲಿರುವ ಹಾಳೆಯಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಉಷ್ಣತೆ ಬರೆಯಬೇಕು. ಆ ಹಾಳೆಯಲ್ಲಿ ರವಿವಾರಕ್ಕೂ ಎರಡು ಮನೆಗಳಿವೆ, ಹಬ್ಬದ ದಿನಕ್ಕೂ.