ಧಾರೆಯ ರವಿಕೆ ಮನೆಯಲ್ಲಿಯೇ

ಚಾಮರಾಜನಗರದಿಂದ ಕೊಳ್ಳೇಗಾಲದತ್ತ ಸಾಗುವ ಹಾದಿಯಲ್ಲಿರುವ ಸಂತೆಮರಹಳ್ಳಿಯ ಸೀಮೆಗೆ ಹಿಪ್ಪುನೇರಳೆಯೂ ರೇಷ್ಮೆಗೂಡೂ ಹೊಸವಲ್ಲ. ಧಾರೆಯ ಸೀರೆಗಾಗಿ ಕೊಳ್ಳೇಗಾಲದ ಮಗ್ಗವನ್ನೋ, 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನೋ ನೆನೆಯುವುದು ಇಲ್ಲಿ ಸಹಜ. ಸೀರೆ ಮನೆಗೆ ಬಂದ ಮೇಲೆ ಉಳಿಯುವುದು ರವಿಕೆಯ ಚಿಂತೆ. ಲಗ್ನದ ತಿಂಗಳುಗಳಲ್ಲಿ ದರ್ಜಿಯ ಮುಂದೆ ಬಟ್ಟೆಯ ರಾಶಿ ಬೀಳುವುದರಿಂದ, ಹೊಲಿಗೆಯ ಯಂತ್ರವುಳ್ಳ ಮನೆಯ ಮದುವಣಗಿತ್ತಿ ತಾನೇ ಹೊಲಿದುಕೊಳ್ಳಲು ಮನಸ್ಸು ಮಾಡುವುದುಂಟು. ಆದರೆ ಸೀರೆಯ ತುದಿಯಲ್ಲಿ ದೊರೆಯುವ ರವಿಕೆಯ ಕಣ ಸುಮಾರು 80 ಸೆಂಟಿಮೀಟರು ಮಾತ್ರ. ಕತ್ತರಿ ತಪ್ಪಿದರೆ ಅದೇ ಬಣ್ಣದ, ಅದೇ ಅಂಚಿನ ಬಟ್ಟೆ ಮತ್ತೆ ಸಿಕ್ಕುವುದು ದುರ್ಲಭ.

ಆದುದರಿಂದ ಮೊದಲು ಕಾಗದದ ಮೇಲೆ ನಕ್ಷೆ ಬರೆಯಬೇಕು. ಎದೆಯ ಸುತ್ತಳತೆ 34 ಅಂಗುಲವಾದರೆ ಅದರ ಕಾಲು ಪಾಲು 8½. ಸಡಿಲಕ್ಕೆ ಅರ್ಧ, ಪಕ್ಕದ ಹೊಲಿಗೆಗೆ ಒಂದು ಸೇರಿ 10 ಅಂಗುಲ. ಈ ನಕ್ಷೆಯಂತೆ ಹಳೆಯ ಹತ್ತಿಬಟ್ಟೆಯಲ್ಲಿ ಒಂದು ರವಿಕೆ ಹೊಲಿದು ತೊಟ್ಟು ನೋಡಬೇಕು. ಕನ್ನಡಿಯ ಮುಂದೆ ಸುಮ್ಮನೆ ನಿಂತರೆ ಸಾಲದು. ಅಂತರಪಟ ಸರಿದಾಗ ವಧು ಕೈಯೆತ್ತಿ ವರನ ತಲೆಯ ಮೇಲೆ ಜೀರಿಗೆ ಬೆಲ್ಲ ಇಡಬೇಕಲ್ಲವೆ? ಹಾಗೆಯೇ ಎರಡು ಕೈಗಳನ್ನೂ ಎತ್ತಿ ನೋಡಬೇಕು. ಕಂಕುಳನ್ನು ಆಳವಾಗಿ ಕತ್ತರಿಸಿದರೆ ಸಡಿಲವಾಗುವುದೆಂದು ಹೊಸಬರು ಭಾವಿಸುತ್ತಾರೆ. ಆಗುವುದು ಅದಕ್ಕೆ ವಿರುದ್ಧ: ಕಂಕುಳು ಇಳಿದಷ್ಟೂ, ಕೈಯೆತ್ತಿದೊಡನೆ ರವಿಕೆಯೆಲ್ಲ ಮೇಲೇರುತ್ತದೆ. ಈ ದೋಷವನ್ನು ಹತ್ತಿಬಟ್ಟೆಯಲ್ಲಿಯೇ ಕಂಡು ನಕ್ಷೆಯನ್ನು ತಿದ್ದಿಕೊಳ್ಳಬೇಕು.

ರೇಷ್ಮೆಯ ಮೇಲೆ ಮೊದಲು ಗುರುತಿಸಬೇಕಾದುದು ತೋಳು. ಜರಿಯಂಚು ತೋಳಿನ ಕೆಳತುದಿಗೆ ಬರಬೇಕಾದುದರಿಂದ ಅದಕ್ಕೆ ಸ್ಥಳ ಕಾದಿರಿಸಿ, ಉಳಿದುದರಲ್ಲಿ ಬೆನ್ನನ್ನೂ ಎದೆಯ ಭಾಗಗಳನ್ನೂ ಹೊಂದಿಸುವುದು ಕ್ರಮ. ತೋಳಿನ ಮುಂಬದಿ ಹಿಂಬದಿಗಿಂತ ಹೆಚ್ಚು ಒಳಕ್ಕೆ ಬಾಗಿರುತ್ತದೆ. ಎರಡನ್ನೂ ಒಂದೇ ದಿಕ್ಕಿಗೆ ಕತ್ತರಿಸಿದರೆ ಎರಡೂ ಒಂದೇ ಕೈಯ ತೋಳುಗಳಾದಾವು. ಗುಂಡುಸೂಜಿಯನ್ನು ಹೊಲಿಗೆಯ ಗೆರೆಯಿಂದ ಆಚೆ ಮಾತ್ರ ಚುಚ್ಚಬೇಕು, ಏಕೆಂದರೆ ರೇಷ್ಮೆಯಲ್ಲಿ ಬಿದ್ದ ರಂಧ್ರ ಸುಲಭವಾಗಿ ಮುಚ್ಚುವುದಿಲ್ಲ. ಹತ್ತಿಯ ಅಸ್ತರನ್ನು ನೀರಿನಲ್ಲಿ ನೆನೆಸಿ ಒಣಗಿಸಿ ಕೊಟ್ಟರೆ, ಹೊಲಿಗೆಯ ಮೇಲೆ ಬೀಳುವ ಎಳೆತವನ್ನು ಅದು ಹೊರುತ್ತದೆ.

ಪಕ್ಕದಲ್ಲಿ ಬಿಟ್ಟ ಒಂದಂಗುಲವನ್ನು ಮಾತ್ರ ಕತ್ತರಿಸಿ ಎಸೆಯಬಾರದು. ಸೀಮಂತದ ವೇಳೆಗೆ ಅದನ್ನು ಬಿಚ್ಚಿ ಸಡಿಲಿಸಿಕೊಂಡರೆ ಧಾರೆಯ ರವಿಕೆಯನ್ನೇ ಮತ್ತೊಮ್ಮೆ ತೊಡಬಹುದು. ಹಳೆಯ ಹೊಲಿಗೆಯ ಗುರುತು ತೋಳಿನ ಮರೆಯಲ್ಲಿ ಅಡಗಿರುತ್ತದೆ.