ಕ್ಯೂಆರ್ ಕೋಡಿನ ಮೊತ್ತವೂ ಅಂಗಡಿಯ ಲೆಕ್ಕವೂ

2025ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಜಮೆಯಾದ ಹಣದ ವಿವರಗಳನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ, ಬೆಂಗಳೂರಿನ ಅನೇಕ ಬೇಕರಿ, ಕಾಂಡಿಮೆಂಟ್ಸ್ ಮತ್ತು ಹಾಲಿನ ಅಂಗಡಿಗಳು ಕ್ಯೂಆರ್ ಕೋಡನ್ನು ತೆಗೆದು ನಗದು ಮಾತ್ರ ಎಂಬ ಚೀಟಿಯನ್ನು ಅಂಟಿಸಿದವು. ವ್ಯಾಪಾರಿ ಸಂಘಟನೆಗಳು ಜುಲೈ 25ರಂದು ಬಂದ್‌ಗೆ ಕರೆ ಕೊಟ್ಟಿದ್ದವು. 23ರಂದು ನಡೆದ ಸಭೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲವೆಂದೂ ಮುಂದೆ ಸರಕು ಮತ್ತು ಸೇವಾ ತೆರಿಗೆಯಡಿ (ಜಿಎಸ್‌ಟಿ) ನೋಂದಣಿ ಮಾಡಿಸಿಕೊಳ್ಳಲೇಬೇಕೆಂದೂ ತಿಳಿಸಿದ ಬಳಿಕ ಆ ಕರೆಯನ್ನು ಕೈಬಿಡಲಾಯಿತು. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳ ಅಂಗಡಿಗಳಿಗೆ ಈ ಭರವಸೆಯ ಎರಡನೆಯ ಭಾಗವೇ ಹೆಚ್ಚು ಮುಖ್ಯವಾದುದು.

ಬ್ಯಾಂಕಿನ ದಾಖಲೆಗೆ ಹಣ ಬಂದದ್ದು ಗೊತ್ತೇ ಹೊರತು ಏತಕ್ಕಾಗಿ ಬಂದಿತೆಂಬುದು ಗೊತ್ತಿರುವುದಿಲ್ಲ. ನೆಂಟರು ಕೊಟ್ಟ ಕೈಸಾಲ, ಚೀಟಿ ಎತ್ತಿದ ಹಣ, ತೆರಿಗೆಯಿಲ್ಲದ ಹಾಲಿನ ದುಡ್ಡು, ತೆರಿಗೆಯುಳ್ಳ ಬಿಸ್ಕತ್ತಿನ ದುಡ್ಡು ಎಲ್ಲವೂ ಒಂದೇ ಖಾತೆಯಲ್ಲಿ ಕೂಡಿಹೋದಾಗ, ಅವುಗಳನ್ನು ಬಿಡಿಸಿ ತೋರಿಸಬಲ್ಲ ಸಾಕ್ಷ್ಯ ವ್ಯಾಪಾರಿಯೇ ಬರೆದಿಟ್ಟ ದಿನದ ಲೆಕ್ಕವೊಂದೇ ಆಗಿರುತ್ತದೆ. ಕ್ಯೂಆರ್ ಕೋಡ್ ತೆಗೆಯುವುದರಿಂದ ಈ ತೊಡಕು ಬಿಡುವುದಿಲ್ಲ. ತೆರಿಗೆಯ ಹೊಣೆ ಹುಟ್ಟುವುದು ಮಾರಾಟದಿಂದ, ಆ ಹಣ ಗಲ್ಲಾಪೆಟ್ಟಿಗೆಗೆ ಬಿದ್ದರೂ ಮೊಬೈಲಿಗೆ ಬಂದರೂ ಹೊಣೆ ಒಂದೇ. ಅಂಗಡಿಗೊಂದು, ಮನೆಗೊಂದು ಬ್ಯಾಂಕ್ ಖಾತೆಯನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದೇ ಸಿದ್ಧತೆಯ ಮೊದಲ ಕೆಲಸವೆನ್ನಬೇಕು.

ಸರಕು ಮಾರುವವರ ಒಟ್ಟು ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿಯನ್ನು, ಸೇವೆ ಒದಗಿಸುವವರದು 20 ಲಕ್ಷವನ್ನು ದಾಟಿದರೆ 30 ದಿನಗಳೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಒಟ್ಟು ವಹಿವಾಟು ಎಂದರೆ ತೆರಿಗೆಯುಳ್ಳ ಮತ್ತು ತೆರಿಗೆ ವಿನಾಯಿತಿ ಇರುವ ಎಲ್ಲ ಮಾರಾಟಗಳನ್ನು ಕೂಡಿಸಿದ ಮೊತ್ತ. ಅನೇಕರು ಎಡವುವುದು ಇಲ್ಲಿಯೇ. ಬನಶಂಕರಿ ದೇವಸ್ಥಾನದ ಬಳಿ ಬಿಡಿ ಹೂವನ್ನಷ್ಟೇ ಮಾರುವವರಿಗೆ, ವಹಿವಾಟು ಎಷ್ಟೇ ಇದ್ದರೂ, ಮಾರುವುದೆಲ್ಲ ವಿನಾಯಿತಿಯ ಸರಕೇ ಆದ್ದರಿಂದ ನೋಂದಣಿಯ ಅಗತ್ಯವಿಲ್ಲ, ಆದರೆ ಹಾಲು ತರಕಾರಿಗಳ ಜೊತೆಗೆ ಬಿಸ್ಕತ್ತು ಸೋಪುಗಳನ್ನೂ ಮಾರುವ ಅಂಗಡಿಗೆ ಹಾಲಿನ ಮೊತ್ತವೂ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಕುಳಿತು ಅಥವಾ ನಿಂತು ತಿನ್ನುವ ದರ್ಶಿನಿಯನ್ನು ಕಾನೂನು ಸೇವೆಯ ಸಾಲಿಗೆ ಸೇರಿಸಿರುವುದರಿಂದ ಅದರ ಮಿತಿ 20 ಲಕ್ಷವಾಗಿದ್ದು, ದಿನಕ್ಕೆ ಐದೂವರೆ ಸಾವಿರ ರೂಪಾಯಿಯ ವ್ಯಾಪಾರ ನಡೆದರೂ ವರ್ಷದೊಳಗೆ ಅದು ಮುಟ್ಟಿಹೋಗುತ್ತದೆ.

ನೋಂದಣಿಯಾದವರ ಮುಂದೆ ಎರಡು ದಾರಿಗಳಿವೆ. ಒಂದು ಸಾಮಾನ್ಯ ಪದ್ಧತಿ. ಇದರಲ್ಲಿ ಗ್ರಾಹಕರಿಂದ ತೆರಿಗೆ ಪಡೆದು, ಕೊಂಡ ಸರಕಿನ ಮೇಲೆ ಈಗಾಗಲೇ ತೆತ್ತ ತೆರಿಗೆಯನ್ನು ಕಳೆದು, ಉಳಿದದ್ದನ್ನು ಸರ್ಕಾರಕ್ಕೆ ಕಟ್ಟಬೇಕಾಗುತ್ತದೆ, ಹೀಗೆ ಕಳೆಯುವ ಮೊತ್ತಕ್ಕೆ ಹೂಡುವಳಿ ತೆರಿಗೆ ಜಮೆ ಎಂದು ಹೆಸರು. ಇನ್ನೊಂದು ರಾಜಿ ತೆರಿಗೆ, ಅಂದರೆ ಅಂಗಡಿಯವರ ಮಾತಿನಲ್ಲಿ ಕಾಂಪೊಸಿಷನ್. ಸರಕಿನ ವಹಿವಾಟು 1.5 ಕೋಟಿಯೊಳಗಿರುವವರು ಆರಿಸಿಕೊಳ್ಳಬಹುದಾದ ಇದರಲ್ಲಿ ವಹಿವಾಟಿನ ಸಣ್ಣ ಪಾಲೊಂದನ್ನು ಕೈಯಿಂದ ಕಟ್ಟಬೇಕು, ಗ್ರಾಹಕರಿಂದ ತೆರಿಗೆ ಕೇಳುವಂತಿಲ್ಲ, ಜಮೆಯೂ ಸಿಗುವುದಿಲ್ಲ, ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ.

ಜಯನಗರದ ಕಾಂಡಿಮೆಂಟ್ಸ್ ಅಂಗಡಿಯೊಂದರ ವಾರ್ಷಿಕ ವಹಿವಾಟು 60 ಲಕ್ಷವೆಂದೂ, ಅದರಲ್ಲಿ ತೆರಿಗೆಯಿಲ್ಲದ ಹಪ್ಪಳದ ಪಾಲು 20 ಲಕ್ಷ, ಶೇ 5ರ ತೆರಿಗೆಯ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿಗಳ ಪಾಲು 40 ಲಕ್ಷವೆಂದೂ ಇಟ್ಟುಕೊಳ್ಳಬಹುದು. ಸರಕನ್ನು ಬೇರೆಯವರಿಂದ ಕೊಂಡು ಮಾರುವ ಅಂಗಡಿಯಾದರೆ ರಾಜಿ ತೆರಿಗೆ 40 ಲಕ್ಷದ ಮೇಲಷ್ಟೇ ಶೇ 1ರಂತೆ 40,000 ರೂಪಾಯಿಯಾಗುತ್ತದೆ. ಹಿಂದಿನ ಅಡುಗೆಮನೆಯಲ್ಲಿ ತಾನೇ ಕರಿದು ಒಣಗಿಸಿ ಮಾರುವ ಅಂಗಡಿಯಾದರೆ ಅದು ತಯಾರಕರ ಸಾಲಿಗೆ ಸೇರಿ, ಹಪ್ಪಳವೂ ಸೇರಿದಂತೆ ಇಡೀ 60 ಲಕ್ಷದ ಮೇಲೆ 60,000 ರೂಪಾಯಿ ಕಟ್ಟಬೇಕಾಗುತ್ತದೆ. ದರ್ಶಿನಿಗೆ ರಾಜಿ ತೆರಿಗೆಯೂ ಶೇ 5, ಸಾಮಾನ್ಯ ಪದ್ಧತಿಯ ತೆರಿಗೆಯೂ ಶೇ 5 ಆಗಿದ್ದು, ಎರಡನೆಯದನ್ನು ಮಾತ್ರ ಬಿಲ್ಲಿನಲ್ಲಿ ಪಡೆಯಲು ಅವಕಾಶವಿರುವುದರಿಂದ, ಕಡತದ ಕೆಲಸ ಕಡಿಮೆಯೆಂಬ ಒಂದೇ ಕಾರಣಕ್ಕೆ ಕಾಂಪೊಸಿಷನ್ ಆರಿಸುವುದು ಹೋಟೆಲಿನವರಿಗೆ ದುಬಾರಿಯಾಗಬಹುದು.

2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯಲ್ಲಿ ಕಾಗದದ ರಿಟರ್ನ್ ಎಂಬುದಿಲ್ಲ. ಬೆಂಗಳೂರಿನದೇ ಆದ ಇನ್ಫೊಸಿಸ್ ಸಂಸ್ಥೆ ನಿರ್ಮಿಸಿದ ಪೋರ್ಟಲಿನಲ್ಲಿಯೇ ಎಲ್ಲವನ್ನೂ ಸಲ್ಲಿಸಬೇಕು. ರಾಜಿ ತೆರಿಗೆಯವರು ಮೂರು ತಿಂಗಳಿಗೊಮ್ಮೆ ಸಿಎಂಪಿ–08 ನಮೂನೆಯಲ್ಲಿ ತೆರಿಗೆ ಕಟ್ಟಿ, ವರ್ಷಕ್ಕೊಮ್ಮೆ ಜಿಎಸ್‌ಟಿಆರ್–4 ಸಲ್ಲಿಸುತ್ತಾರೆ. ಸಾಮಾನ್ಯ ಪದ್ಧತಿಯವರು ಮಾರಾಟದ ವಿವರವನ್ನು ಜಿಎಸ್‌ಟಿಆರ್–1ರಲ್ಲಿಯೂ ತೆರಿಗೆಯ ಲೆಕ್ಕವನ್ನು ಜಿಎಸ್‌ಟಿಆರ್–3ಬಿಯಲ್ಲಿಯೂ ಕೊಡಬೇಕಾಗಿದ್ದು, ವಹಿವಾಟು 5 ಕೋಟಿಯೊಳಗಿದ್ದರೆ ಇವನ್ನೂ ಮೂರು ತಿಂಗಳಿಗೊಮ್ಮೆ ಸಲ್ಲಿಸಬಹುದು, ಆದರೆ ತೆರಿಗೆಯನ್ನು ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು.

ಹತ್ತು ರೂಪಾಯಿಯ ಬನ್ನಿಗೂ ಬಿಲ್ಲು ಬರೆಯಬೇಕೇ ಎಂಬ ಅಂಜಿಕೆಗೆ ಕಾನೂನಿನಲ್ಲಿಯೇ ಪರಿಹಾರವಿದೆ. ಮಾರಾಟ 200 ರೂಪಾಯಿಗಿಂತ ಕಡಿಮೆಯಿದ್ದು, ನೋಂದಣಿಯಿಲ್ಲದ ಗ್ರಾಹಕರು ಬಿಲ್ಲು ಕೇಳದಿದ್ದರೆ, ಅಂಥ ಮಾರಾಟಗಳೆಲ್ಲವನ್ನೂ ಕೂಡಿಸಿ ದಿನದ ಕೊನೆಗೆ ಒಂದೇ ಬಿಲ್ಲು ಬರೆದರೆ ಸಾಕು. ಬಾಗಿಲು ಹಾಕುವ ಹೊತ್ತಿಗೆ ಬರೆಯುವ ಆ ಒಂದು ಬಿಲ್ಲಿನಲ್ಲಿ ತೆರಿಗೆಯಿಲ್ಲದ ಮಾರಾಟ, ಶೇ 5ರದು, ಶೇ 18ರದು ಎಂದು ದರವಾರು ಮೊತ್ತಗಳನ್ನು ಬಿಡಿಸಿ ಬರೆಯುವ ರೂಢಿಯಾದರೆ, ಗ್ರಾಹಕರಿಗೆ ನೇರವಾಗಿ ಮಾರುವ ಅಂಗಡಿಯ ರಿಟರ್ನಿಗೆ ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ತಾನಾಗಿಯೇ ಸಿದ್ಧವಾಗಿರುತ್ತದೆ.

ಸಲ್ಲಿಕೆಯನ್ನು ಆಡಿಟರಿಗೆ ವಹಿಸುವುದರಲ್ಲಿ ತಪ್ಪಿಲ್ಲವಾದರೂ, ಪೋರ್ಟಲಿನಲ್ಲಿ ನಮೂದಾಗಿರುವ ಮೊಬೈಲ್ ಸಂಖ್ಯೆ ಮತ್ತು ಇ–ಮೇಲ್ ವಿಳಾಸ ವ್ಯಾಪಾರಿಯದೇ ಆಗಿರಬೇಕು. ಇಲಾಖೆಯ ಸಂದೇಶಗಳೂ ಓಟಿಪಿಯೂ ಬರುವುದು ಅಲ್ಲಿಗೇ ಆದ್ದರಿಂದ, ಅವು ಬೇರೆಯವರ ಫೋನಿನಲ್ಲಿದ್ದರೆ ನೋಟಿಸು ಬಂದ ಸಂಗತಿಯೂ ಅಂಗಡಿಯವರಿಗೆ ತಿಳಿಯದೆ ಹೋದೀತು. ಅಂಗಡಿ ಮುಚ್ಚಿದ್ದು ಏನೂ ಮಾರದ ಅವಧಿಗೂ ಶೂನ್ಯ ರಿಟರ್ನ್ ಸಲ್ಲಿಸಲೇಬೇಕು. ಅದನ್ನು 14409 ಸಂಖ್ಯೆಗೆ ಎಸ್‌ಎಂಎಸ್ ಕಳುಹಿಸಿಯೂ ಮುಗಿಸಬಹುದು.